ಬಿ7ರಲ್ಲಿ ಸಿಕ್ಕಿಬಿದ್ದ ಕುದುರೆ: ಲಿಚೆಸ್‌ನ ವಿಶ್ಲೇಷಣಾ ಸೌಲಭ್ಯದ ವಿಮರ್ಶೆ

ಲಿಚೆಸ್ ಜಾಲತಾಣವನ್ನು ಚದುರಂಗ ಆಡುವುದಕ್ಕಾಗಿಯೇ ಬಳಸುವವರು ಹೆಚ್ಚು. ನಾನು ಅಲ್ಲಿ ಆಡುವುದು ಅಪರೂಪ. ಭಾನುವಾರ ಎದುರುಬದುರು ಕುಳಿತು, ಮರದ ಮಣೆಯ ಮೇಲೆ ಆಡಿ ಸೋತ ಆಟಗಳನ್ನು ಮನೆಗೆ ಬಂದು ಅದರಲ್ಲಿ ತುಂಬಿಸಿ, ಎಲ್ಲಿ ಕೆಟ್ಟಿತು ಎಂದು ಹುಡುಕುವುದಕ್ಕೆ ಮಾತ್ರ ಅದು ನನಗೆ ಬೇಕು. ಆದ್ದರಿಂದ ಈ ವಿಮರ್ಶೆ ತಾಣದ ಎಲ್ಲ ಸೌಲಭ್ಯಗಳ ಕುರಿತಲ್ಲ. ಆಟದ ವಿಶ್ಲೇಷಣೆ, ಮಣೆ ಜೋಡಿಸುವ ಪುಟ ಮತ್ತು ‘ಸ್ಟಡಿ’ ಎಂಬ ಟಿಪ್ಪಣಿ ಪುಸ್ತಕ, ಈ ಮೂರರ ಕುರಿತು ಮಾತ್ರ. ಅದರಲ್ಲೂ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ: ತಪ್ಪಾದ ಮನೆಯಲ್ಲಿ ನಿಂತ ಒಂದು ಕಾಯಿ ಇಡೀ ಆಟವನ್ನು ಸೋಲಿಸಿದಾಗ, ಆ ಕಾಯಿ ಯಾವುದೆಂದು ಈ ಯಂತ್ರ ನಮಗೆ ತೋರಿಸಿಕೊಡುತ್ತದೆಯೇ?

ಮೊದಲು ತಾಣದ ಪರಿಚಯ. ಫ್ರಾನ್ಸಿನ ತಿಬೊ ದ್ಯುಪ್ಲೆಸ್ಸಿ 2010ರಲ್ಲಿ ಆರಂಭಿಸಿದ ಲಿಚೆಸ್ ಇಂದು ಅಲ್ಲಿಯೇ ನೋಂದಾಯಿತವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಮೂಲಕ ನಡೆಯುತ್ತಿದೆ. ಶುಲ್ಕವಿಲ್ಲ, ಜಾಹೀರಾತಿಲ್ಲ, ಹಣ ಕೊಟ್ಟವರಿಗೊಂದು ಕೊಡದವರಿಗೊಂದು ಎಂಬ ಪಂಕ್ತಿಭೇದವಿಲ್ಲ; ದೇಣಿಗೆ ನೀಡಿದವರಿಗೆ ಹೆಸರಿನ ಪಕ್ಕದಲ್ಲಿ ಒಂದು ರೆಕ್ಕೆಯ ಚಿಹ್ನೆ ಸಿಗುತ್ತದೆ, ಅಷ್ಟೆ. ತಾಣದ ಮೂಲಸಂಕೇತವೂ ಯಾರು ಬೇಕಾದರೂ ನೋಡಬಹುದಾದಂತೆ ಮುಕ್ತವಾಗಿದೆ. ವಿಶ್ಲೇಷಣೆಗೆ ಬಳಸುವ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕಹಾಕಿ ತೂಗುವ ತಂತ್ರಾಂಶ, ಸ್ಟಾಕ್‌ಫಿಶ್. ನಾವು ಗುಂಡಿ ಒತ್ತಿ ಕೇಳುವ ಪೂರ್ಣ ವಿಶ್ಲೇಷಣೆಯ ಲೆಕ್ಕವನ್ನು ಹಾಕಿಕೊಡಲು ಬೇರೆ ಬೇರೆ ದೇಶಗಳ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳ ಬಿಡುವಿನ ಶಕ್ತಿಯನ್ನು ದಾನ ಮಾಡುತ್ತಾರೆ ಎಂಬ ಸಂಗತಿ ತಿಳಿದ ದಿನದಿಂದ, ನನ್ನ ಕಳಪೆ ಆಟಗಳನ್ನು ಅವರ ಮುಂದಿಡಲು ಸ್ವಲ್ಪ ಸಂಕೋಚವಾಗುತ್ತದೆ.

ಈಗ ಆ ಆಟಕ್ಕೆ ಬರುತ್ತೇನೆ. ನನ್ನ ಎದುರಾಳಿ ಗಣಿತದ ಮೇಷ್ಟರಾಗಿ ನಿವೃತ್ತರಾದವರು. ಅವರಿಗೆ ಬಿಳಿ, ನನಗೆ ಕಪ್ಪು. (ಮಣೆಯ ಲಂಬ ಸಾಲುಗಳಿಗೆ ಎಯಿಂದ ಎಚ್‌ವರೆಗೆ, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಹೆಸರು; ಎರಡೂ ಸೇರಿದರೆ ಮನೆಯ ಹೆಸರು. ಬರೀ ‘ಡಿ4 ಆಡಿದರು’ ಎಂದರೆ ಕಾಲಾಳನ್ನು ಆ ಮನೆಗೆ ನಡೆಸಿದರು ಎಂದರ್ಥ.) ರೂಯ್ ಲೋಪೆಜ್ ಎಂಬ ಆರಂಭಿಕ ನಡೆಗಳ ಕ್ರಮದ ಹಳೆಯ, ಸವೆದ ದಾರಿಯಲ್ಲಿಯೇ ಇಬ್ಬರೂ ನಡೆದೆವು. 9ನೇ ನಡೆಯಲ್ಲಿ ನಾನು ಸಿ6ರ ಕುದುರೆಯನ್ನು ಎ5ಕ್ಕೆ ಹಾರಿಸಿ ಬಿ3ರಲ್ಲಿದ್ದ ಬಿಳಿಯ ಒಂಟೆಯನ್ನು ಅಟ್ಟಿದೆ. ಅದು ಸಿ2ಕ್ಕೆ ಸರಿಯಿತು. ನಾನು ಸಿ5ಕ್ಕೆ ಕಾಲಾಳನ್ನು ನಡೆಸಿದೆ, ಅವರು ಡಿ4 ಆಡಿದರು, ನನ್ನ ರಾಣಿ ಸಿ7ಕ್ಕೆ ಬಂದಳು. ಇಷ್ಟರವರೆಗೆ ಎಲ್ಲವೂ ನೂರು ವರ್ಷಕ್ಕೂ ಹಿಂದಿನಿಂದ ಆಡುತ್ತ ಬಂದ ಪಾಠವೇ. ರಷ್ಯದ ಚಿಗೋರಿನ್ ಹೆಸರಿನಲ್ಲಿ ಈ ಪದ್ಧತಿ ಪ್ರಸಿದ್ಧವಾಗಿದೆ. 13ನೇ ನಡೆಯಲ್ಲಿ ಮೇಷ್ಟರು ಡಿ4ರ ಕಾಲಾಳನ್ನು ಡಿ5ಕ್ಕೆ ನೂಕಿ ಮಣೆಯ ನಡುಭಾಗಕ್ಕೆ ಬೀಗ ಹಾಕಿದರು. ಆ ಕ್ಷಣದಲ್ಲಿ ಎ5ರ ಕುದುರೆಗೆ ಹಿಂದಿರುಗಲು ಇದ್ದ ಸಿ6 ಮನೆಯೂ ಕೈತಪ್ಪಿತು, ಏಕೆಂದರೆ ಡಿ5ರ ಕಾಲಾಳು ಅದನ್ನು ಕಾಯುತ್ತಿತ್ತು.

ನಾನು ಅದನ್ನು ಗಮನಿಸದೆ, ಏನೋ ಉಪಯೋಗಕ್ಕೆ ಬಂದೀತು ಎಂಬ ಲೆಕ್ಕದಲ್ಲಿ ಎಫ್8ರ ಆನೆಯನ್ನು ಸಿ8ಕ್ಕೆ ತಂದೆ. ಅವರು ಬಿ3 ಆಡಿ ಕುದುರೆಯ ಪಾಲಿಗೆ ಸಿ4 ಮನೆಯನ್ನೂ ಮುಚ್ಚಿದರು. ಆಗ ಎಚ್ಚರಗೊಂಡವನಂತೆ ನಾನು ಸಿ5ರ ಕಾಲಾಳನ್ನು ಸಿ4ಕ್ಕೆ ನೂಕಿದೆ. ಅವರು ಬಿ3ರ ಕಾಲಾಳನ್ನು ಒಂದು ಮನೆ ಮುಂದಿಟ್ಟು ಬಿ4 ಆಡಿದರು. ಕುದುರೆ ಓಡಲೇಬೇಕಾಯಿತು, ಓಡಲು ಇದ್ದದ್ದು ಬಿ7 ಒಂದೇ ಮನೆ. ಬಿ7ರಿಂದ ಕುದುರೆ ನೆಗೆಯಬಲ್ಲ ಮನೆಗಳು ನಾಲ್ಕು: ಎ5, ಸಿ5, ಡಿ6, ಡಿ8. ಇವುಗಳಲ್ಲಿ ಎ5 ಮತ್ತು ಸಿ5ನ್ನು ಬಿ4ರ ಬಿಳಿ ಕಾಲಾಳು ಕಾಯುತ್ತಿತ್ತು, ಡಿ6ರಲ್ಲಿ ನನ್ನದೇ ಕಾಲಾಳು ಕುಳಿತಿತ್ತು, ಉಳಿದದ್ದು ಡಿ8. ಅಲ್ಲಿಗೆ ಹೋದರೂ ಮುಂದೆ ಸಿ6 ಮತ್ತು ಇ6 ಎರಡೂ ಡಿ5ರ ಕಾಲಾಳಿನ ಹಿಡಿತದಲ್ಲಿದ್ದವು, ಎಫ್7ರಲ್ಲಿ ಮತ್ತೆ ನನ್ನದೇ ಕಾಲಾಳು. ಮಣೆಯ ನಡುವಿನಲ್ಲಿ ನಿಂತ ಕುದುರೆಗೆ ಎಂಟು ದಾರಿಗಳಿರುತ್ತವೆ, ಅಂಚಿನಲ್ಲಿ ನಾಲ್ಕು, ಮೂಲೆಯಲ್ಲಿ ಎರಡು ಎಂದು ಮಕ್ಕಳಿಗೂ ಹೇಳಿಕೊಡುತ್ತೇವೆ. ನನ್ನ ಕುದುರೆ ಮೂಲೆಯಲ್ಲಿರಲಿಲ್ಲ, ಆದರೂ ಅದಕ್ಕೆ ಮೂಲೆಯ ಕುದುರೆಗಿಂತ ಕಡಿಮೆ ದಾರಿಯಿತ್ತು.

ಅಲ್ಲಿಂದ ಮುಂದಿನ ಕಥೆಯನ್ನು ವಿವರವಾಗಿ ಹೇಳುವ ಅಗತ್ಯವಿಲ್ಲ. ಮೇಷ್ಟರು ಅವಸರವಿಲ್ಲದೆ ಒಂದೊಂದೇ ಕಾಯಿಯನ್ನು ನನ್ನ ರಾಜನ ಕಡೆಗೆ ಸಾಗಿಸಿದರು. ಕಾಯಿಗಳನ್ನು ಎಣಿಸಿದರೆ ಇಬ್ಬರಲ್ಲೂ ಸಮ. ನನ್ನ ರಾಜನ ಸುತ್ತಲಿನ ಕಾಯಿಗಳನ್ನು ಮಾತ್ರ ಎಣಿಸಿದರೆ ಅವರ ಕಡೆ ಐದು, ನನ್ನ ಕಡೆ ಮೂರು. 27ನೇ ನಡೆಯಲ್ಲಿ ನಾನು ಎಚ್6 ಆಡಿದೆ, ಅವರ ಒಂಟೆ ಆ ಕಾಲಾಳನ್ನು ಹೊಡೆದು ತನ್ನನ್ನೇ ಬಲಿಕೊಟ್ಟಿತು, 33ನೇ ನಡೆಗೆ ನಾನು ಸೋಲೊಪ್ಪಿಕೊಂಡೆ.

ಮನೆಗೆ ಬಂದು ಆಟದ ಚೀಟಿಯನ್ನು ನೋಡಿಕೊಂಡು ಲಿಚೆಸ್‌ನಲ್ಲಿ ನಡೆಗಳನ್ನು ತುಂಬಿಸುವಾಗ ಇನ್ನೊಂದು ಬಗೆಯ ‘ತಪ್ಪಿದ ಕಾಯಿ’ ಎದುರಾಯಿತು; ಇದೇ ಕೆಲಸ ಮಾಡುವವರಿಗೆ ಉಪಯೋಗವಾದೀತು ಎಂದು ಹೇಳುತ್ತೇನೆ. 12ನೇ ನಡೆಯಲ್ಲಿ ಬಿಳಿಯ ಕುದುರೆ ಡಿ2ಕ್ಕೆ ಬಂದಿತ್ತು. ಆ ಮನೆಗೆ ಬಿ1ರ ಕುದುರೆಯೂ ಬರಬಹುದು, ಎಫ್3ರ ಕುದುರೆಯೂ ಬರಬಹುದು. ನಾನು ತಪ್ಪು ಕುದುರೆಯನ್ನು ಎಳೆದುಬಿಟ್ಟೆ. ಅದೂ ನಿಯಮಬದ್ಧ ನಡೆಯೇ ಆದ್ದರಿಂದ ತಾಣ ಮಾತಾಡದೆ ಒಪ್ಪಿಕೊಂಡಿತು. ಹಲವು ನಡೆಗಳ ನಂತರ, ಚೀಟಿಯಲ್ಲಿದ್ದ ನಡೆಯನ್ನು ಆಡಲು ಆ ಮನೆಯಲ್ಲಿ ಕಾಯಿಯೇ ಇಲ್ಲ ಎಂದಾದಾಗಲೇ ನನಗೆ ಗೊತ್ತಾದದ್ದು. ಒಂದೇ ಮನೆಗೆ ಎರಡು ಕುದುರೆ ಅಥವಾ ಎರಡು ಆನೆಗಳು ಹೋಗಬಲ್ಲ ಸಂದರ್ಭದಲ್ಲಿ ಯಾವ ಸಾಲಿನಿಂದ ಹೊರಟಿತು ಎಂಬುದನ್ನು ಚೀಟಿಯಲ್ಲಿ ಬರೆಯುವ ನಿಯಮ ಏಕಿದೆಯೆಂದು ಆ ಸಂಜೆ ಸರಿಯಾಗಿ ಅರ್ಥವಾಯಿತು.

ನಡೆಗಳನ್ನು ಸರಿಪಡಿಸಿ ಪೂರ್ಣ ವಿಶ್ಲೇಷಣೆಗೆ ಒಪ್ಪಿಸಿದ ಮೇಲೆ ಬಂದ ವರದಿಯ ರೂಪ ಹೀಗಿರುತ್ತದೆ. ಮಣೆಯ ಕೆಳಗೆ ಒಂದು ರೇಖಾಚಿತ್ರ. ಮಧ್ಯದ ಗೆರೆಗಿಂತ ಮೇಲಿದ್ದರೆ ಬಿಳಿಗೆ ಲಾಭ, ಕೆಳಗಿದ್ದರೆ ಕಪ್ಪಿಗೆ. ಪಕ್ಕದಲ್ಲಿ ನಡೆಗಳ ಪಟ್ಟಿ. ಅದರಲ್ಲಿ ಸಣ್ಣ ತಪ್ಪು, ದೊಡ್ಡ ತಪ್ಪು, ಘೋರ ತಪ್ಪು ಎಂಬ ಮೂರು ದರ್ಜೆಗಳ ಗುರುತುಗಳು. ಯಾವ ನಡೆಗೆ ಯಾವ ಗುರುತು ಎಂಬುದು, ಆ ಒಂದು ನಡೆಯಿಂದ ಗೆಲ್ಲುವ ಸಾಧ್ಯತೆ ಎಷ್ಟು ಕುಸಿಯಿತು ಎಂಬುದರ ಮೇಲೆ ನಿರ್ಧಾರವಾಗುತ್ತದೆ. ನನ್ನ ಆಟದಲ್ಲಿ 27ನೇ ನಡೆಯ ಎಚ್6ಕ್ಕೆ ಎರಡು ಪ್ರಶ್ನಾರ್ಥಕ ಚಿಹ್ನೆಗಳು, ಅಂದರೆ ಘೋರ ತಪ್ಪಿನ ಗುರುತು, ಬಿದ್ದಿದ್ದವು. ಆನೆಯನ್ನು ಸಿ8ಕ್ಕೆ ತಂದ 13ನೇ ನಡೆಗೆ ಏನೂ ಇಲ್ಲ. ಕುದುರೆಯ ಸಮಾಧಿಗೆ ನಾನೇ ಕಲ್ಲು ಹೊತ್ತು ತಂದ 14ನೇ ನಡೆಗೂ ಏನೂ ಇಲ್ಲ. ‘ತಪ್ಪುಗಳಿಂದ ಕಲಿಯಿರಿ’ ಎಂಬ ಗುಂಡಿಯನ್ನು ಒತ್ತಿದರೆ ಅದು ಗುರುತು ಬಿದ್ದ ನಡೆಗಳಿಗೆ ಮಾತ್ರ ಕರೆದೊಯ್ಯುತ್ತದೆ, ಆದ್ದರಿಂದ ನನ್ನನ್ನು ನೇರವಾಗಿ 27ಕ್ಕೆ ಕರೆದೊಯ್ದು, ಎಚ್6ರ ಬದಲು ಏನು ಆಡಬೇಕಿತ್ತು ಎಂದು ಕೇಳಿತು.

ವರದಿ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನೇ ನಂಬಿ ಎದ್ದುಹೋಗುವ ಆಟಗಾರ, ‘ರಾಜನ ಮುಂದಿನ ಕಾಲಾಳನ್ನು ಅನವಶ್ಯಕವಾಗಿ ನೂಕಬಾರದು’ ಎಂಬ ಪಾಠವನ್ನು ಕಟ್ಟಿಕೊಂಡು ಹೋಗುತ್ತಾನೆ, ಮುಂದಿನ ವಾರ ಮತ್ತೆ ಬಿ7ರಲ್ಲಿ ಕುದುರೆಯನ್ನು ಹೂತು ಬರುತ್ತಾನೆ. ಅಷ್ಟು ಹೊತ್ತಿಗೆ ನನ್ನ ಸ್ಥಿತಿ ಹೇಗಿತ್ತೆಂದರೆ, ಎಚ್6 ಆಡದಿದ್ದರೆ ಇನ್ನೊಂದು ನಡೆಯಲ್ಲಿ, ಇನ್ನೊಂದು ರೀತಿಯಲ್ಲಿ ಕುಸಿಯುತ್ತಿತ್ತು. ರೇಖಾಚಿತ್ರವನ್ನು ಎರಡನೇ ಬಾರಿ ನೋಡಿದಾಗ ನಿಜವಾದ ಕಥೆ ಕಂಡಿತು: 13ನೇ ನಡೆಯ ಸುಮಾರಿಗೆ ಬಿಳಿಯ ಪರವಾಗಿ 0.4 ಇದ್ದ ಅಂಕ, ಕುದುರೆ ಬಿ7ಕ್ಕೆ ಹೋದಾಗ 1ರ ಹತ್ತಿರ, 26ನೇ ನಡೆಗೆ 1.9. ಎಲ್ಲಿಯೂ ಪ್ರಪಾತವಿಲ್ಲ, ಎತ್ತಿನಗಾಡಿ ದಿಬ್ಬ ಹತ್ತುವಂತೆ ನಿಧಾನವಾದ ಏರು. ಪ್ರತಿಯೊಂದು ನಡೆಯೂ ತನ್ನಷ್ಟಕ್ಕೆ ತಾನು ನಿರಪರಾಧಿ. ತಪ್ಪು ಜಾಗದಲ್ಲಿ ನಿಂತ ಕಾಯಿಯಿಂದ ಬರುವ ಸೋಲಿನ ಲಕ್ಷಣವೇ ಇದು, ನಡೆಯಿಂದ ನಡೆಗೆ ವ್ಯತ್ಯಾಸವನ್ನು ಅಳೆದು ಗುರುತು ಹಾಕುವ ಯಾವ ಪದ್ಧತಿಯ ಕಣ್ಣಿಗೂ ಇದು ಸುಲಭವಾಗಿ ಬೀಳುವುದಿಲ್ಲ.

ಈ ಅಂಕಗಳ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. 1.0 ಎಂದರೆ ಒಂದು ಕಾಲಾಳಿನ ಬೆಲೆ ಎಂದು ನಾವು ಹಿಂದೆ ಕಲಿತದ್ದು ಈಗ ಹೊಂದುವುದಿಲ್ಲ. 2022ರಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದೀಚೆಗೆ, ಎಂಜಿನ್ ತನ್ನೊಡನೆ ತಾನೇ ಆಡಿಕೊಂಡಾಗ ಗೆಲ್ಲುವ ಸಾಧ್ಯತೆ ಶೇ. 50 ಇರುವ ಸ್ಥಿತಿಗೆ 1.0 ಎಂದು ಹೊಂದಿಸಲಾಗಿದೆ. ಇನ್ನೊಂದು ವಿಪರ್ಯಾಸವೂ ಇದೆ. ಹಳೆಯ ಸ್ಟಾಕ್‌ಫಿಶ್‌ನಲ್ಲಿ ಮನುಷ್ಯರು ಬರೆದ ಮೌಲ್ಯಮಾಪನದ ಸೂತ್ರಗಳಿದ್ದವು. ಕಾಯಿಗಳ ಓಡಾಟಕ್ಕೆ ಇಷ್ಟು, ರಾಜನ ಭದ್ರತೆಗೆ ಇಷ್ಟು ಎಂದು ಬಾಬ್ತುವಾರು ಲೆಕ್ಕವನ್ನು ಅದರಿಂದ ಹೊರತೆಗೆಯಬಹುದಿತ್ತು. 2020ರಲ್ಲಿ ನರಜಾಲ ಆಧಾರಿತ, ಅಂದರೆ ಉದಾಹರಣೆಗಳಿಂದ ತಾನೇ ಕಲಿಯುವ, ಮೌಲ್ಯಮಾಪನ ಸೇರಿತು, 2024ರ 16.1 ಆವೃತ್ತಿಯಲ್ಲಿ ಹಳೆಯ ಸೂತ್ರಗಳನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಎಂಜಿನ್ ಮೊದಲಿಗಿಂತ ಬಲವಾಗಿದೆ, ಆದರೆ ‘ನಿನ್ನ ಕುದುರೆಗೆ ಓಡಾಟವಿಲ್ಲ’ ಎಂದು ಬಿಡಿಸಿ ಹೇಳುವ ಬಾಯಿ ಅದಕ್ಕೀಗ ಇಲ್ಲ.

ಹಾಗಾದರೆ ಈ ತಾಣ ನಿಷ್ಪ್ರಯೋಜಕವೇ? ಅಲ್ಲವೇ ಅಲ್ಲ, ಕೇಳುವ ರೀತಿಯನ್ನು ಬದಲಿಸಬೇಕು. ನನಗೆ ಅತ್ಯಂತ ಉಪಯುಕ್ತವೆನಿಸಿದ್ದು, ಹೆಚ್ಚು ಜನ ತೆರೆದೂ ನೋಡದ, ಮಣೆ ಜೋಡಿಸುವ ಪುಟ. ಆಟದ ಯಾವುದೇ ಸ್ಥಿತಿಯನ್ನು ಅಲ್ಲಿಗೆ ಒಯ್ದು, ಕಾಯಿಗಳನ್ನು ನಿಯಮದ ಹಂಗಿಲ್ಲದೆ ಎತ್ತಿ ಬೇಕಾದ ಮನೆಯಲ್ಲಿ ಇಟ್ಟು, ಯಾರ ಸರದಿ ಎಂದು ಸೂಚಿಸಿ, ಮತ್ತೆ ವಿಶ್ಲೇಷಣೆಗೆ ಕಳುಹಿಸಬಹುದು. ನಾನು 20ನೇ ನಡೆಯ ನಂತರದ ಸ್ಥಿತಿಯನ್ನು ತೆಗೆದುಕೊಂಡು, ಬೇರೆ ಯಾವುದನ್ನೂ ಮುಟ್ಟದೆ, ಬಿ7ರ ಕುದುರೆಯನ್ನು ಮಾತ್ರ ಎತ್ತಿ ಖಾಲಿಯಿದ್ದ ಎಫ್8ರಲ್ಲಿ ಇಟ್ಟೆ. ಬಿಳಿಯ ಪರವಾಗಿದ್ದ 1.4 ಇಳಿದು ಅರ್ಧಕ್ಕೆ ಬಂದು ನಿಂತಿತು. ಅದೇ ರೀತಿ ಸಿ8ರ ಆನೆಯನ್ನು ಸರಿಸಿ ನೋಡಿದೆ, ರಾಣಿಯನ್ನು ಸರಿಸಿ ನೋಡಿದೆ. ಅಂಕ ಅಷ್ಟಾಗಿ ಅಲುಗಲಿಲ್ಲ. ಒಂದು ಕಾಯಿಯನ್ನು ಎತ್ತಿ ಬೇರೆಡೆ ಇಟ್ಟ ಮಾತ್ರಕ್ಕೆ ರೋಗಿ ಚೇತರಿಸಿಕೊಂಡರೆ ರೋಗ ಎಲ್ಲಿತ್ತು ಎಂದು ಬೇರೆ ಹೇಳಬೇಕಿಲ್ಲ. ಹತ್ತು ನಿಮಿಷದ ಈ ಪರೀಕ್ಷೆ ನನಗೆ ತಿಳಿಸಿದಷ್ಟನ್ನು ಗುರುತು ಹಾಕಿದ ವರದಿ ತಿಳಿಸಿರಲಿಲ್ಲ.

ಕಾಯಿ ಯಾವುದೆಂದು ತಿಳಿದ ಮೇಲೆ, ಅದನ್ನು ಉಳಿಸಬಹುದಾಗಿದ್ದ ಕೊನೆಯ ನಡೆ ಯಾವುದೆಂದು ಹುಡುಕುವುದಕ್ಕೆ ಮಾಮೂಲಿ ವಿಶ್ಲೇಷಣಾ ಮಣೆ ಸಾಕು. 13ನೇ ನಡೆಗೆ ಹಿಂದಿರುಗಿ ಎಂಜಿನ್ನನ್ನು ಚಾಲೂ ಮಾಡಿ, ಏಕಕಾಲಕ್ಕೆ ನಡೆಗಳ ಹಲವು ಸರಣಿಗಳನ್ನು ತೋರಿಸುವಂತೆ ಹೊಂದಿಸಿಕೊಂಡಾಗ ಉತ್ತರ ಸಿಕ್ಕಿತು: ಬಿಳಿ ಡಿ5 ಆಡಿದ ಕೂಡಲೇ ನಾನು ಸಿ4 ಆಡಬೇಕಿತ್ತು. ನಾನು ಆಡಿದ್ದೂ ಸಿ4 ಅನ್ನೇ, ಆದರೆ ಒಂದು ನಡೆ ತಡವಾಗಿ. ಆ ಒಂದು ನಡೆಯ ಅಂತರದಲ್ಲಿ ಇರುವ ಸ್ವಾರಸ್ಯ ಇದು: ಬಿಳಿಯ ಕಾಲಾಳು ಇನ್ನೂ ಬಿ2ರಲ್ಲಿರುವಾಗ ನಾನು ಸಿ4ಕ್ಕೆ ಬಂದಿದ್ದರೆ, ಅದು ಎರಡು ಮನೆ ಜಿಗಿದು ಬಿ4ಕ್ಕೆ ಬಂದರೂ ನನ್ನ ಸಿ4ರ ಕಾಲಾಳು ಅದನ್ನು ಪಕ್ಕದಿಂದ, ಎನ್ ಪಾಸಾಂಟ್ ನಿಯಮದಂತೆ, ಹೊಡೆಯಬಹುದಿತ್ತು. ಸಿ5 ಮನೆ ತೆರವಾಗಿ, ಕುದುರೆ ಎ5ರಿಂದ ಬಿ7ಕ್ಕೆ, ಬಿ7ರಿಂದ ಸಿ5ಕ್ಕೆ ಬಂದು ಬಿಳಿಯ ಇ4ರ ಮೇಲೆ ಕಣ್ಣಿಡುತ್ತಿತ್ತು. ಬಿಳಿ ಮೊದಲು ಬಿ3ಕ್ಕೆ ಬಂದು ಅಲ್ಲಿಂದ ಬಿ4ಕ್ಕೆ ಒಂದೇ ಮನೆ ನಡೆದದ್ದರಿಂದ ಆ ಹೊಡೆತಕ್ಕೆ ಅವಕಾಶವೇ ಉಳಿಯಲಿಲ್ಲ. ಅದೇ ಬಿ7 ಮನೆ ಒಂದು ಕ್ರಮದಲ್ಲಿ ತಂಗುದಾಣ, ಇನ್ನೊಂದು ಕ್ರಮದಲ್ಲಿ ಸೆರೆಮನೆ.

ಇಂತಹ ಸೋಲಿಗೆ ಚದುರಂಗದ ಚರಿತ್ರೆಯಲ್ಲಿ ನನ್ನ ಆಟಕ್ಕಿಂತ ಎಷ್ಟೋ ಸೊಗಸಾದ ಉದಾಹರಣೆಗಳಿವೆ. ‘ಸ್ಟಡಿ’ಯ ಉಪಯೋಗ ಅಲ್ಲಿಗೆ ಬರುತ್ತದೆ. ಒಂದು ಸ್ಟಡಿಯಲ್ಲಿ 64 ಅಧ್ಯಾಯಗಳವರೆಗೆ ಆಟಗಳನ್ನು ಸೇರಿಸಿ, ನಡೆಗಳ ನಡುವೆ ಟಿಪ್ಪಣಿ ಬರೆದು, ಮಣೆಯ ಮೇಲೆ ಬಾಣಗಳನ್ನು ಎಳೆದು, ಬೇಕಾದವರೊಂದಿಗೆ ಹಂಚಿಕೊಳ್ಳಬಹುದು. ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ, ಅಕ್ಷರಗಳು ಸರಿಯಾಗಿಯೇ ಮೂಡುತ್ತವೆ. ನನ್ನ ಮೊದಲ ಅಧ್ಯಾಯ 1919ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ವಿಲಿಯಂ ವಿಂಟರ್ ಮತ್ತು ಕ್ಯೂಬಾದ ಕಪಾಬ್ಲಾಂಕ ಆಡಿದ ಆಟ. ಬಿಳಿಯಾಗಿದ್ದ ವಿಂಟರ್ ಎಚ್4ರಲ್ಲಿದ್ದ ತನ್ನ ಒಂಟೆಯ ಸ್ಥಿತಿಯನ್ನು ಯೋಚಿಸದೆ 10ನೇ ನಡೆಯಲ್ಲಿ ಕುದುರೆಯನ್ನು ಡಿ5ಕ್ಕೆ ಹಾರಿಸಿದರು. ಕಪಾಬ್ಲಾಂಕ ಜಿ5 ಆಡಿದರು, ಒಂಟೆ ಜಿ3ಕ್ಕೆ ಸರಿಯಿತು, ರಾಣಿಯರ ವಿನಿಮಯದ ನಂತರ ಕಪ್ಪು ಕಾಲಾಳುಗಳು ಇ5, ಎಫ್6, ಜಿ5ರಲ್ಲಿ ಸರಪಳಿಯಂತೆ ನಿಂತವು. ಆ ಕ್ಷಣದಿಂದ ಜಿ3ರ ಒಂಟೆ ಪ್ರೇಕ್ಷಕ. ಕಪಾಬ್ಲಾಂಕ ಅದನ್ನು ಹಿಡಿಯಲು ಹೋಗಲೇ ಇಲ್ಲ ಎಂಬುದೇ ಈ ಆಟದ ಸೊಬಗು. ಎದುರಾಳಿಯ ಒಂಟೆ ಬರಲಾರದಷ್ಟು ದೂರದಲ್ಲಿ, ಮಣೆಯ ಇನ್ನೊಂದು ಬದಿಯಲ್ಲಿ, ಒಂದು ಕಾಯಿ ಹೆಚ್ಚಿರುವವರಂತೆ ಯುದ್ಧ ತೆರೆದರು. 23ನೇ ನಡೆಯಲ್ಲಿ ಸಿ4 ಎಂದು ಕಾಲಾಳನ್ನು ನೂಕಿದಾಗಲೂ ಕಾಯಿಗಳ ಲೆಕ್ಕ ಸಮವೇ ಇತ್ತು. 29ನೇ ನಡೆಗೆ ವಿಂಟರ್ ಸೋಲೊಪ್ಪಿದರು. ಎರಡು ವರ್ಷಗಳ ನಂತರ ಕಪಾಬ್ಲಾಂಕ ವಿಶ್ವ ಚಾಂಪಿಯನ್ ಆದರು.

ಎರಡನೇ ಅಧ್ಯಾಯ ಬೇರೆ ಬಗೆಯದು. 1972ರ ಜುಲೈನಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಆಟದಲ್ಲಿ, ಡ್ರಾ ಆಗುವಂತೆ ಕಾಣುತ್ತಿದ್ದ ಅಂತ್ಯದಾಟದಲ್ಲಿ, ಕಪ್ಪು ಆಡುತ್ತಿದ್ದ ಬಾಬಿ ಫಿಷರ್ 29ನೇ ನಡೆಯಲ್ಲಿ ತಮ್ಮ ಒಂಟೆಯಿಂದ ಎಚ್2ರ ಕಾಲಾಳನ್ನು ಹೊಡೆದರು. ಅವರ ಎದುರಾಳಿ ಸ್ಪಾಸ್ಕಿ ಜಿ3 ಆಡಿ ಬಾಗಿಲು ಹಾಕಿದರು. ಕೊನೆಗೆ ಎರಡು ಕಾಲಾಳುಗಳಿಗೆ ಆ ಒಂಟೆಯನ್ನು ತೆರಬೇಕಾಯಿತು, 56ನೇ ನಡೆಯಲ್ಲಿ ಫಿಷರ್ ಸೋತರು. ಒಂಟೆ ಸಿಕ್ಕಿಬಿದ್ದ ಮೇಲೂ ನಿಖರವಾಗಿ ಆಡಿದ್ದರೆ ಡ್ರಾ ಉಳಿಯುತ್ತಿತ್ತು ಎಂಬುದು ನಂತರದ ವಿಶ್ಲೇಷಕರಲ್ಲಿ ಹಲವರ ಅಭಿಪ್ರಾಯ. ಇಲ್ಲಿ ಕಾಯಿ ತಪ್ಪು ಮನೆಗೆ ಹೋದದ್ದು ಎಲ್ಲರ ಕಣ್ಣಿಗೆ ಬೀಳುವಂಥದ್ದು, ಒಂದೇ ನಡೆಯ ಮಾತು. ಲಿಚೆಸ್‌ನ ಸಮಸ್ಯಾ ವಿಭಾಗದಲ್ಲಿ ‘ಸಿಕ್ಕಿಬಿದ್ದ ಕಾಯಿ’ ಎಂಬ ವಿಷಯದಡಿ ದೊರೆಯುವ ಸಮಸ್ಯೆಗಳೂ ಈ ಜಾತಿಯವೇ. ಅವನ್ನು ದಿನಕ್ಕೆ ಹತ್ತು ಬಿಡಿಸಿದರೆ ಜಿ3ಯಂತಹ ನಡೆಗಳಿಗೆ ಕಣ್ಣು ಪಳಗುತ್ತದೆ. ಆದರೆ ವಿಂಟರನ ಒಂಟೆಯೂ ನನ್ನ ಕುದುರೆಯೂ ಯಾರ ಕೈಗೂ ಸಿಗಲಿಲ್ಲ, ಆಟದ ಕೊನೆಯವರೆಗೂ ಮಣೆಯ ಮೇಲೆ ಕ್ಷೇಮವಾಗಿದ್ದವು. ಅಂತಹ ಕಾಯಿಗಳಿಗಾಗಿ ಸಮಸ್ಯೆ ರಚಿಸುವುದು ಕಷ್ಟ, ಏಕೆಂದರೆ ಅಲ್ಲಿ ಕಂಡುಹಿಡಿಯಬೇಕಾದ ಒಂದು ಚಮತ್ಕಾರದ ನಡೆ ಇರುವುದಿಲ್ಲ. ಈ ಭಾಗವನ್ನು ಕಲಿಯಲು ಸಮಸ್ಯಾ ವಿಭಾಗವನ್ನು ನೆಚ್ಚಬೇಡಿ.

ವಿಶ್ಲೇಷಣಾ ಮಣೆಯಲ್ಲಿ ಇನ್ನೊಂದು ಸಣ್ಣ ಅನುಕೂಲವಿದೆ. ಕಂಪ್ಯೂಟರಿನಲ್ಲಿ ಎಕ್ಸ್ ಕೀಲಿಯನ್ನು ಒತ್ತಿದರೆ, ನಾವು ಏನನ್ನೂ ಆಡದೆ ಸರದಿ ಬಿಟ್ಟುಕೊಟ್ಟರೆ ಎದುರಾಳಿ ಏನು ಮಾಡುತ್ತಾನೆ ಎಂಬುದನ್ನು ಎಂಜಿನ್ ಬಾಣದಿಂದ ತೋರಿಸುತ್ತದೆ. ನಾನು ಆನೆಯನ್ನು ಸಿ8ಕ್ಕೆ ತಂದ ಘಳಿಗೆಯಲ್ಲಿ ಇದನ್ನು ಒತ್ತಿ ನೋಡಿದಾಗ ಬಾಣ ನನ್ನ ರಾಜನ ಕಡೆ ತಿರುಗಲಿಲ್ಲ. ಬಿ2ರಿಂದ ಹೊರಟ ಆ ಪುಟ್ಟ ಕಾಲಾಳಿನ ಮೇಲೆ ನಿಂತಿತು. ಎಂಜಿನ್‌ಗೆ ಬಾಯಿಲ್ಲದಿದ್ದರೂ ಬೆರಳಿದೆ ಎನ್ನಬೇಕು.

ಯಾರಿಗೆ ಇದನ್ನು ಶಿಫಾರಸು ಮಾಡಬಹುದು? ನಡೆಗಳನ್ನು ಬರೆದುಕೊಳ್ಳುವ ಅಭ್ಯಾಸವಿರುವ ಯಾವುದೇ ಆಟಗಾರರಿಗೆ ಕಣ್ಣುಮುಚ್ಚಿ. ಮಕ್ಕಳಿಗೆ ಹೇಳಿಕೊಡುವವರಿಗೆ ಸ್ಟಡಿ ಒಂದು ಕರಿಹಲಗೆಗಿಂತ ಹೆಚ್ಚು. ಆದರೆ ಮಕ್ಕಳ ಕೈಗೆ ಎಂಜಿನ್ನನ್ನು ಮೊದಲೇ ಕೊಡಬೇಡಿ. ಎಂಜಿನ್ ಆರಿಸಿಟ್ಟು, ಆಜರ್‌ಬೈಜಾನಿನ ಚದುರಂಗ ಆಟಗಾರ ಮಕೊಗೊನೊವ್ ಹೆಸರಿನಲ್ಲಿ ಪ್ರಚಲಿತವಾಗಿರುವ ಸೂತ್ರದಂತೆ, ‘ನಿನ್ನ ಕಾಯಿಗಳಲ್ಲಿ ಅತಿ ಕೆಟ್ಟ ಜಾಗದಲ್ಲಿರುವುದು ಯಾವುದು, ಅದನ್ನು ಎಲ್ಲಿಗೆ ಒಯ್ಯುವೆ’ ಎಂದು ಒಂದೊಂದು ಸ್ಥಿತಿಯಲ್ಲೂ ಕೇಳಿ, ಉತ್ತರವನ್ನು ಬರೆಸಿ, ಆಮೇಲೆ ಚಾಲೂ ಮಾಡಿ. ಮೊಬೈಲಿನ ಪುಟ್ಟ ಪರದೆಯಲ್ಲಿ ಮಣೆ ಜೋಡಿಸುವ ಕೆಲಸ ಬೆರಳಿಗೆ ತುಸು ಕಿರಿಕಿರಿಯದು. ಈ ಬರಹದಲ್ಲಿ ಹೇಳಿದ ಪರೀಕ್ಷೆಗಳಿಗೆ ಕಂಪ್ಯೂಟರೇ ವಾಸಿ.

ಕಳೆದ ಭಾನುವಾರ ಮೇಷ್ಟರು ಅದೇ ಆರಂಭವನ್ನೇ ಆಡಿದರು. 13ನೇ ನಡೆಗೆ ಡಿ5 ಬಂತು, ನಾನು ಆ ಕೂಡಲೇ ಸಿ4 ಆಡಿದೆ, ಅವರು ಕನ್ನಡಕ ಸರಿಪಡಿಸಿಕೊಂಡು ಮಣೆಯನ್ನು ಸ್ವಲ್ಪ ಹೊತ್ತು ನೋಡಿದರು. ಕುದುರೆ ಬಿ7ರ ಮೂಲಕ ಸಿ5ಕ್ಕೆ ಬಂದು ಚೆನ್ನಾಗಿಯೇ ನಿಂತಿತು. 41ನೇ ನಡೆಗೆ ಕೈಕುಲುಕಿ ಡ್ರಾ ಮಾಡಿಕೊಂಡೆವು. ಆ ಚೀಟಿ ಈಗ ಮೇಜಿನ ಮೇಲಿದೆ, ಇನ್ನೂ ತುಂಬಿಸಿಲ್ಲ. ಎ8ರ ಆನೆ ಇಡೀ ಆಟದಲ್ಲಿ ಒಮ್ಮೆಯೂ ಕದಲಲಿಲ್ಲವೆಂಬ ಅನುಮಾನ ಮಾತ್ರ ಕಾಡುತ್ತಿದೆ.